ಹುಡುಗಿಯರಿಗೂ ಒಂದು ಆಟ: ಟೇಬಲ್ ಟೆನಿಸ್

ಮಂಗಳೂರಿನ ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಯಲ್ಲಿ ಇಳಿದರೆ ಒಂದೆಡೆ ಫಲ್ಗುಣಿ ನದಿ, ಇನ್ನೊಂದೆಡೆ ಕಡಲು, ನಡುವೆ ಮರಳು. ಹುಡುಗರಿಗೆ ಈ ಮರಳಿನಲ್ಲಿ ಫುಟ್ಬಾಲ್ ಇದ್ದೇ ಇದೆ. ಹುಡುಗಿಯರಿಗೆ? ಏಳೋ ಎಂಟೋ ತರಗತಿ ದಾಟಿದರೆ ಹೆಚ್ಚಿನವರಿಗೆ ಆಟ ಮುಗಿದಂತೆಯೇ. ಬೆಂಗ್ರೆ ಮಾತ್ರವಲ್ಲ, ನಮ್ಮ ಎಷ್ಟೋ ಊರುಗಳ ಸ್ಥಿತಿ ಇದು. ಅಂತಹ ಮನೆಗಳಿಗೆ ಹೇಳಿ ಮಾಡಿಸಿದ ಆಟ ಟೇಬಲ್ ಟೆನಿಸ್. ಇದಕ್ಕೆ ಮೈದಾನ ಬೇಡ, ಮಳೆಯ ಹೆದರಿಕೆಯೂ ಇಲ್ಲ.

19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮನೆಗಳ ಊಟದ ಮೇಜಿನ ಮೇಲೆ ಹುಟ್ಟಿದ ಈ ಆಟ 1988ರಲ್ಲಿ ಒಲಿಂಪಿಕ್ಸ್ ಸೇರಿತು. ಮೇಜಿನ ಉದ್ದ 9 ಅಡಿ, ಅಗಲ 5 ಅಡಿ. ಚೆಂಡಿನ ತೂಕ ಕೇವಲ 2.7 ಗ್ರಾಂ. ಸರ್ವ್ ಮಾಡುವವರು ಬಿಚ್ಚಿದ ಅಂಗೈಯಿಂದ ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಚಿಮ್ಮಿಸಿ ಹೊಡೆಯಬೇಕು. ಅದು ಮೊದಲು ತಮ್ಮ ಕಡೆ, ಬಳಿಕ ಬಲೆ ದಾಟಿ ಎದುರಾಳಿಯ ಕಡೆ ಪುಟಿಯಬೇಕು. ತಲಾ ಎರಡು ಸರ್ವ್. ಮೊದಲು 11 ಅಂಕ ಗಳಿಸಿದವರಿಗೆ ಗೇಮ್. 10-10 ಆದರೆ ಎರಡು ಅಂಕಗಳ ಮುನ್ನಡೆ ಬೇಕು. ಇಲ್ಲಿ ತೋಳ್ಬಲಕ್ಕಿಂತ ಮಣಿಕಟ್ಟಿನ ಚಳಕ ಮುಖ್ಯ. ಬ್ಯಾಟಿನ ರಬ್ಬರು ಚೆಂಡನ್ನು ಸವರಿದಾಗ ಅದು ಗಿರಗಿರನೆ ತಿರುಗಿ, ಪುಟಿದ ಮೇಲೆ ದಿಕ್ಕನ್ನೇ ಬದಲಿಸಿಬಿಡುತ್ತದೆ. ಕಲಿಯಲು ಪ್ಲೈವುಡ್ ಹಲಗೆಯೂ ಸಾಕು.

ಉಡುಪಿನ ಚಿಂತೆಯೇ? ಇರಾನಿನ ನೆದಾ ಶಹ್ಸವಾರಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಲೆವಸ್ತ್ರ ಧರಿಸಿಯೇ ಆಡಿದರು. ಯುದ್ಧದ ನಡುವೆ ಬೆಳೆದ ಸಿರಿಯಾದ ಹೆಂದ್ ಝಾಝಾ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಬಂದಾಗ ಆಕೆಗೆ ಬರೀ 12 ವರ್ಷ!

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಉಷಾ ಸುಂದರರಾಜ್ 1966ರಲ್ಲೇ ಅರ್ಜುನ ಪ್ರಶಸ್ತಿ ಪಡೆದಿದ್ದರು. ಬೆಂಗಳೂರಿನ ಅರ್ಚನಾ ಕಾಮತ್ 2019ರಲ್ಲಿ, 18ರ ಹರೆಯದಲ್ಲಿ, ರಾಷ್ಟ್ರೀಯ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಜರ್ಮನಿಗೆ 1-3ರಿಂದ ಸೋತಾಗ ಆ ಒಂದು ಗೆಲುವು ಅರ್ಚನಾರದ್ದು. ಅದೇ ವರ್ಷ ಅವರು ವೃತ್ತಿಪರ ಆಟ ಬಿಟ್ಟು ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೊರಟರು. ಕೆಲವರು ಇದನ್ನು ನಷ್ಟವೆಂದರು. ನನಗೆ ಹಾಗನಿಸುವುದಿಲ್ಲ. ಆಡಿದರೆ ಓದು ಕೆಡುತ್ತದೆ ಎಂದು ಮಗಳ ಬ್ಯಾಟು ಕಸಿಯುವ ತಾಯಂದಿರು ಇದನ್ನು ಗಮನಿಸಬೇಕು.

ಕೆಲವು ಶಾಲೆಗಳಲ್ಲಿ ಟೇಬಲ್ ಇದ್ದರೂ ಮಡಚಿ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡಿದ ಬಳಿಕ ಅದರ ಬಗ್ಗೆಯೂ ಒಂದು ಮಾತು ಕೇಳಿ. ವಾರಕ್ಕೆ ಎರಡು ದಿನ, ಹುಡುಗಿಯರಿಗೇ ಮೀಸಲಾದ ಒಂದು ಗಂಟೆ ಕೊಡುತ್ತಾರೆಯೇ ಎಂದು.