ಅಮೆರಿಕ ಪೌರತ್ವ, ಬೆಂಗಳೂರಿನಲ್ಲಿ ವಾಸ: ಪತ್ನಿಗೆ ವಲಸೆ ವೀಸಾ ಸಿಗುವುದು ಹೇಗೆ?

ವಧು-ವರರ ಪರಿಚಯ ಪತ್ರದಲ್ಲಿ ‘ಅಮೆರಿಕದಲ್ಲಿ ಜನನ, ಅಮೆರಿಕ ಪೌರತ್ವ, ಸದ್ಯ ಬೆಂಗಳೂರಿನಲ್ಲಿ ಉದ್ಯೋಗ’ ಎಂಬ ಸಾಲು ಕಂಡರೆ ಮನೆಯವರು ಇನ್ನೊಮ್ಮೆ ಓದುತ್ತಾರೆ. ತಂದೆ-ತಾಯಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿದ್ದಾಗ ಅಲ್ಲಿ ಹುಟ್ಟಿ, ಮೂರು-ನಾಲ್ಕನೆಯ ವಯಸ್ಸಿಗೆ ಊರಿಗೆ ಮರಳಿ, ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಓದಿ ಬೆಳೆದ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ‘ಮದುವೆಯಾಗಿ ಮೂರು ತಿಂಗಳಲ್ಲಿ ಇಬ್ಬರೂ ಅಮೆರಿಕಕ್ಕೆ ಹೋಗುತ್ತಾರೆ’ ಎಂಬ ಮಾತಿನ ಮೇಲೆ ಸಂಬಂಧ ಕೂಡಿಬರುತ್ತದೆ. ಹುಡುಗಿ ಇದ್ದ ಕೆಲಸಕ್ಕೆ ರಾಜೀನಾಮೆಯನ್ನೂ ಕೊಡುತ್ತಾಳೆ. ಆಮೇಲೆ ತಿಳಿಯುವುದು, ಅಮೆರಿಕದ ಪಾಸ್‌ಪೋರ್ಟ್ ಹುಡುಗನ ಕೈಯಲ್ಲಿದೆ ಎಂದಮಾತ್ರಕ್ಕೆ ಪತ್ನಿಯ ವೀಸಾ ತಾನಾಗಿ ಬರುವುದಿಲ್ಲ, ಎಲ್ಲ ಸೇರಿ ಒಂದು ವರ್ಷಕ್ಕೂ ಹೆಚ್ಚು ಹಿಡಿಯುವುದು ಸಾಮಾನ್ಯ ಎಂದು.

ಪೌರತ್ವ ಇರುವವರು ಹುಡುಗಿಯಾದರೂ ನಿಯಮ ಒಂದೇ. ಈ ಲೇಖನದಲ್ಲಿ ಅನುಕೂಲಕ್ಕಾಗಿ ಪತಿ ಅಮೆರಿಕ ಪ್ರಜೆ, ಪತ್ನಿ ಭಾರತೀಯಳು, ಇಬ್ಬರೂ ಕರ್ನಾಟಕದಲ್ಲೇ ಇದ್ದಾರೆ ಎಂದುಕೊಳ್ಳೋಣ.

ಮೊದಲು ಒಂದು ಗೊಂದಲ ಬಿಡಿಸಬೇಕು. ‘ಹುಡುಗ ಅಮೆರಿಕದವನು’ ಎಂದು ನಮ್ಮವರು ಮೂರು ಬಗೆಯವರಿಗೂ ಹೇಳುತ್ತಾರೆ. ಎಚ್-1ಬಿ ವೀಸಾದಲ್ಲಿ ದುಡಿಯುವವನು ಪತ್ನಿಯನ್ನು ಎಚ್-4 ಅವಲಂಬಿತಳಾಗಿ ಕರೆದೊಯ್ಯಬಹುದು. ಅದು ವಲಸೆ ವೀಸಾ ಅಲ್ಲ. ಗ್ರೀನ್ ಕಾರ್ಡ್ ಇರುವವನು ವಲಸೆ ಅರ್ಜಿ ಹಾಕಬಹುದು, ಆದರೆ ಆ ವರ್ಗಕ್ಕೆ ವಾರ್ಷಿಕ ಮಿತಿ ಇದೆ, ಸರದಿ ಕಾಯಬೇಕು. ಅದೂ ಅಲ್ಲದೆ ಗ್ರೀನ್ ಕಾರ್ಡ್ ಇರುವವನು ವರ್ಷಗಟ್ಟಲೆ ಊರಿನಲ್ಲೇ ಕುಳಿತರೆ ಅವನ ಸ್ವಂತ ಕಾರ್ಡಿಗೇ ಕುತ್ತು. ಪ್ರಜೆಯ ಪತಿ ಅಥವಾ ಪತ್ನಿಗೆ ಮಾತ್ರ ವಾರ್ಷಿಕ ಮಿತಿ ಇಲ್ಲ. ಆದ್ದರಿಂದ ಮಾತುಕತೆಯ ದಿನವೇ ಮೂರರಲ್ಲಿ ಯಾವುದೆಂದು ಕೇಳಿ ತಿಳಿಯುವುದು ಲೇಸು. ಇದರಲ್ಲಿ ಸಂಕೋಚಪಡುವುದೇನೂ ಇಲ್ಲ.

ಅರ್ಜಿಯ ಬುಡ ಇರುವುದು ವಿವಾಹದಲ್ಲಿ. ವಿವಾಹ ನಡೆದ ಸ್ಥಳದ ಕಾನೂನಿನಂತೆ ಅದು ಸಿಂಧುವಾಗಿದೆಯೇ ಎಂಬುದನ್ನೇ ಅಮೆರಿಕದ ಅಧಿಕಾರಿಗಳು ನೋಡುತ್ತಾರೆ. ಜೈನರಿಗೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಇಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಷಾಢದಲ್ಲಿ ಸಂಬಂಧ ನಿಶ್ಚಯವಾಗುತ್ತದೆ. ಚಾತುರ್ಮಾಸದಲ್ಲಿ ಮದುವೆ ಬೇಡ, ಮಾಘದಲ್ಲಿ ಇಡೋಣ ಎಂದು ಹಿರಿಯರು ಹೇಳುತ್ತಾರೆ. ವೀಸಾಕ್ಕೆ ತಡವಾಗುತ್ತದಲ್ಲ ಎಂದು ಮಕ್ಕಳು ಚಡಪಡಿಸುತ್ತಾರೆ. ‘ಈಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಬಿಡೋಣ, ಧಾರೆ ಆಮೇಲೆ ಎರೆಯೋಣ’ ಎಂದು ನಡುವಿನ ದಾರಿ ಹುಡುಕುತ್ತಾರೆ.

ಆ ದಾರಿ ಮುಚ್ಚಿದೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ, ಹಿಂದೂ ವಿವಾಹ ಕಾಯ್ದೆಯಡಿ ವಿಧಿವಿಧಾನಗಳು ನಡೆಯದಿದ್ದರೆ ನೋಂದಣಿ ಪತ್ರವೊಂದರಿಂದಲೇ ವಿವಾಹ ಆಗುವುದಿಲ್ಲ ಎಂದು ತೀರ್ಪಿತ್ತಿತು. ಕಾಯ್ದೆಯ 8ನೇ ಕಲಮಿನ ನೋಂದಣಿ ಎಂದರೆ ಆಗಿಹೋದ ಮದುವೆಗೆ ಸಾಕ್ಷಿ. ಮದುವೆ ಆಗುವುದು 7ನೇ ಕಲಮಿನ ವಿಧಿಗಳಿಂದ. ವಿದೇಶಕ್ಕೆ ವೀಸಾ ಪಡೆಯಲೆಂದು ತಂದೆ-ತಾಯಿಗಳು ಮುಂಚಿತವಾಗಿ ನೋಂದಣಿಗೆ ಒಪ್ಪುವ ಪದ್ಧತಿಯನ್ನೇ ಪೀಠ ಹೆಸರಿಸಿ ಎಚ್ಚರಿಸಿದೆ. ಹಾಗಾಗಿ ಆಷಾಢದ ನೋಂದಣಿ ಪತ್ರ ತೋರಿಸಿ ಅರ್ಜಿ ಹಾಕಿ, ಮಾಘದ ಧಾರೆಯ ಫೋಟೊಗಳನ್ನು ಸಾಕ್ಷಿಯಾಗಿ ಇಟ್ಟರೆ, ನಿಮ್ಮ ಕಡತವೇ ನಿಮ್ಮ ವಿರುದ್ಧ ಮಾತನಾಡುತ್ತದೆ. ಮುಂದೆ ಸಂಬಂಧ ಮುರಿದರಂತೂ ಹುಡುಗಿಯ ಸ್ಥಿತಿ ಇನ್ನೂ ಕಷ್ಟ: ಜೀವನಾಂಶ ಕೇಳಲು ಮದುವೆಯೇ ಆಗಿಲ್ಲ ಎಂಬ ಉತ್ತರ ಎದುರಾಗಬಹುದು.

ಹಾಗಾದರೆ ಅವಸರವಿದ್ದರೆ? ವಿಧಿವತ್ತಾದ ಸಣ್ಣ ಮದುವೆಯನ್ನು ಮೊದಲೇ ಮಾಡಿ ನೋಂದಾಯಿಸಿ, ಬಂಧುಬಳಗದ ಔತಣವನ್ನು ಅನುಕೂಲವಾದಾಗ ಇಡಬಹುದು. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು. ಅಲ್ಲಿ ಧಾರ್ಮಿಕ ವಿಧಿ ಕಡ್ಡಾಯವಲ್ಲ, ಆದರೆ ಇಬ್ಬರಲ್ಲಿ ಒಬ್ಬರು 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದಿರಬೇಕು, ನೋಟಿಸು ಕೊಟ್ಟು ಮತ್ತೆ 30 ದಿನ ಕಾಯಬೇಕು. ವರ ಅಥವಾ ವಧು ಹಿಂದೂ, ಜೈನ, ಬೌದ್ಧ, ಸಿಖ್ ಅಲ್ಲದ ಧರ್ಮದವರಾದರೆ ಈ ಕಾಯ್ದೆಯೇ ದಾರಿ. ಬಸದಿಯಲ್ಲೋ ಕ್ಷೇತ್ರದಲ್ಲೋ ಮದುವೆಯಾಗಿ ಅಲ್ಲಿಂದ ಪಡೆದ ಪತ್ರವನ್ನು ಜೋಪಾನ ಮಾಡಿ, ಅದು ವಿಧಿ ನಡೆದುದಕ್ಕೆ ಒಳ್ಳೆಯ ಸಾಕ್ಷಿ. ಆದರೆ ವೀಸಾ ಕಡತಕ್ಕೆ ಬೇಕಾದದ್ದು ಸರ್ಕಾರಿ ನೋಂದಣಿ ಪತ್ರ.

ಇನ್ನು ಅರ್ಜಿ. ಪತಿ ಮೊದಲು ಐ-130 ಎಂಬ ಅರ್ಜಿಯನ್ನು ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಗೆ ಸಲ್ಲಿಸಬೇಕು. ಇದಕ್ಕಾಗಿ ಅವನು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಆನ್‌ಲೈನ್ ಅರ್ಜಿಗೆ 625 ಡಾಲರ್, ಕಾಗದದ ಅರ್ಜಿಗೆ 675 ಡಾಲರ್. ಕಟ್ಟುವ ದಿನ ಇಲಾಖೆಯ ಜಾಲತಾಣದಲ್ಲಿ ದರವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಈ ಹಂತದಲ್ಲಿ ಇಲಾಖೆ ನೋಡುವುದು ಎರಡೇ: ಅವನು ಪ್ರಜೆ ಹೌದೇ, ಮದುವೆ ನಿಜವೇ. ಒಟ್ಟಿಗೆ ಒಂದೇ ಮನೆಯಲ್ಲಿರುವ ದಂಪತಿಗೆ ಎರಡನೆಯದು ಸುಲಭ. ಬಾಡಿಗೆ ಕರಾರು, ಜಂಟಿ ಖಾತೆ, ಮದುವೆಯ ಕರೆಯೋಲೆ, ಎರಡೂ ಕಡೆಯ ಹಿರಿಯರಿರುವ ಫೋಟೊಗಳು ಸಾಕಷ್ಟು ಹೇಳುತ್ತವೆ. ಕರೆಯೋಲೆ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ, ಅನುವಾದಕರ ದೃಢೀಕರಣವೂ ಬೇಕು.

ಅರ್ಜಿ ಮಂಜೂರಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಪತ್ನಿ ಡಿಎಸ್-260 ನಮೂನೆ ತುಂಬಬೇಕು, ಪತಿ ಐ-864 ಎಂಬ ಪೋಷಣೆಯ ಮುಚ್ಚಳಿಕೆ ಬರೆದುಕೊಡಬೇಕು. ವೀಸಾ ಶುಲ್ಕ 325 ಡಾಲರ್, ಮುಚ್ಚಳಿಕೆಯ ಪರಿಶೀಲನೆಗೆ 120 ಡಾಲರ್. ಊರಿನಲ್ಲಿರುವ ಪ್ರಾಯೋಜಕ ಎಡವುವುದು ಬಹುಮಟ್ಟಿಗೆ ಈ ಮುಚ್ಚಳಿಕೆಯಲ್ಲೇ.

ಮುಚ್ಚಳಿಕೆ ಬರೆಯುವವನ ಕಾಯಂ ನೆಲೆ ಅಮೆರಿಕದಲ್ಲಿರಬೇಕು ಎಂಬುದು ಕಾನೂನು. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವವನು ಇದನ್ನು ಹೇಗೆ ತೋರಿಸಬೇಕು? ತಾನು ತಾತ್ಕಾಲಿಕವಾಗಿ ಹೊರಗಿದ್ದೇನೆ, ಅಲ್ಲಿನ ನೆಲೆ ಬಿಟ್ಟಿಲ್ಲ ಎಂದು ದಾಖಲೆ ಸಮೇತ ತೋರಿಸುವುದು ಒಂದು. ಅಲ್ಲಿನ ಬ್ಯಾಂಕ್ ಖಾತೆ, ಚಾಲನಾ ಪರವಾನಗಿ, ಮತದಾರರ ನೋಂದಣಿ, ಪ್ರತಿವರ್ಷದ ತೆರಿಗೆ ವಿವರ ಇದಕ್ಕೆ ಆಧಾರ. ಎಳವೆಯಲ್ಲೇ ಊರಿಗೆ ಬಂದವನ ಬಳಿ ಇವೊಂದೂ ಇರುವುದಿಲ್ಲ. ಅವನಿಗೆ ಉಳಿದಿರುವುದು ಎರಡನೆಯ ದಾರಿ: ಪತ್ನಿ ಅಮೆರಿಕಕ್ಕೆ ಕಾಲಿಡುವ ದಿನದೊಳಗೆ ತಾನೂ ಅಲ್ಲಿ ನೆಲೆಸುತ್ತೇನೆ ಎಂಬುದನ್ನು ಕೃತಿಯಲ್ಲಿ ತೋರಿಸುವುದು. ಅಲ್ಲಿನ ಕೆಲಸದ ನೇಮಕ ಪತ್ರ ಅಥವಾ ಸಂದರ್ಶನಗಳ ದಾಖಲೆ, ಮನೆಯ ಕರಾರು, ಬಂಧುಗಳ ಮನೆಯಲ್ಲಿ ಇರುವುದಾದರೆ ಅವರ ಪತ್ರ, ತೆರೆದ ಖಾತೆ, ಇಲ್ಲಿನ ಕೆಲಸ ಬಿಡುವ ಏರ್ಪಾಡು. ಬರೀ ‘ಹೋಗುವ ಮನಸ್ಸಿದೆ’ ಎಂಬ ಪತ್ರ ಸಾಲದು. ಪತಿ ಮೊದಲೇ ಹೋಗಬಹುದು ಅಥವಾ ಜೊತೆಗೇ ಹೋಗಬಹುದು. ಪತ್ನಿಯನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿಯುವಂತಿಲ್ಲ. ಅಮೆರಿಕದ ಸರ್ಕಾರ ಅಥವಾ ಅಲ್ಲಿನ ಕೆಲವು ಬಗೆಯ ಕಂಪನಿ, ಸಂಸ್ಥೆಗಳ ಪರವಾಗಿ ತಾತ್ಕಾಲಿಕವಾಗಿ ವಿದೇಶದಲ್ಲಿ ಕೆಲಸ ಮಾಡುವವರಿಗೆ ಈ ವಿಷಯದಲ್ಲಿ ಸಡಿಲಿಕೆ ಇದೆ.

ಮುಂದಿನದು ಆದಾಯ. ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನ ರೇಖೆಯ ಶೇ. 125ರಷ್ಟು ಆದಾಯ ಬೇಕು. 2025ರ ಪಟ್ಟಿಯಂತೆ ಇಬ್ಬರ ಕುಟುಂಬಕ್ಕೆ ಅದು 26,437 ಡಾಲರ್. ಬೆಂಗಳೂರಿನಲ್ಲಿ ಇಷ್ಟಕ್ಕಿಂತ ಹೆಚ್ಚು ಸಂಬಳ ಇದೆಯಲ್ಲ ಎಂದರೆ, ಆ ಸಂಬಳ ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದಾಯದ ಬದಲು ಆಸ್ತಿ ತೋರಿಸಬಹುದು. ಪ್ರಜೆಯ ಪತ್ನಿಯ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಆಸ್ತಿ ಬೇಕು. ಆದಾಯ ಸೊನ್ನೆ ಎಂದಾದರೆ 79,311 ಡಾಲರ್. ಆದರೆ ಆ ಆಸ್ತಿ ಹೆಚ್ಚು ನಷ್ಟವಿಲ್ಲದೆ ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಅಜ್ಜನ ಹೆಸರಿನಲ್ಲಿರುವ ಅಡಿಕೆ ತೋಟ, ನಾಲ್ಕು ಮನೆಗಳಿಗೆ ಪಾಲು ಇರುವ ಕಾಫಿ ಎಸ್ಟೇಟು ಬೆಲೆಯಲ್ಲಿ ಎಷ್ಟೇ ದೊಡ್ಡದಿರಲಿ, ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಪತಿ-ಪತ್ನಿಯ ಹೆಸರಿನಲ್ಲಿರುವ ಠೇವಣಿ, ಮ್ಯೂಚುವಲ್ ಫಂಡ್ ಇವೇ ಕೆಲಸಕ್ಕೆ ಬರುವಂಥವು.

ಆದಾಯವೂ ಆಸ್ತಿಯೂ ಸಾಲದಿದ್ದರೆ ಜಂಟಿ ಪ್ರಾಯೋಜಕರೊಬ್ಬರು ಬೇಕು. ಅವರು ಅಮೆರಿಕದಲ್ಲೇ ನೆಲೆಸಿರುವ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು. ಎಚ್-1ಬಿಯಲ್ಲಿರುವ ಚಿಕ್ಕಪ್ಪನ ಮಗ ಎಷ್ಟು ಸಂಪಾದಿಸುತ್ತಿದ್ದರೂ ಆಗುವುದಿಲ್ಲ. ಒಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ: ಜಂಟಿ ಪ್ರಾಯೋಜಕರು ಆದಾಯದ ಕೊರತೆ ತುಂಬಬಲ್ಲರು, ಪತಿಯ ನೆಲೆಯ ಕೊರತೆಯನ್ನಲ್ಲ. ಪತಿಗೆ ಅಮೆರಿಕದಲ್ಲಿ ನೆಲೆ ಇಲ್ಲದಿದ್ದರೆ ಕೋಟ್ಯಧಿಪತಿ ಮಾವ ಸಹಿ ಹಾಕಿದರೂ ಮುಚ್ಚಳಿಕೆ ನಿಲ್ಲದು.

ಇನ್ನು ಸಹಿ ಹಾಕುವವರ ಮಾತು. ಸಮಾಜದ ಪರಿಚಯದ ಮೇಲೆ, ‘ಒಂದು ಸಹಿ ತಾನೇ’ ಎಂದು ಅಲ್ಲಿರುವ ಬಂಧುಗಳನ್ನು ಕೇಳಿಬಿಡುತ್ತೇವೆ. ಅದು ಒಂದು ಸಹಿ ಅಲ್ಲ. ಹೋದವಳು ಪ್ರಜೆಯಾಗುವವರೆಗೆ, ಅಥವಾ 40 ತ್ರೈಮಾಸಿಕಗಳ ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಅವಳ ಲೆಕ್ಕಕ್ಕೆ ಬರುವವರೆಗೆ, ಅಥವಾ ಅವಳು ದೇಶ ಬಿಟ್ಟು ಹೋಗುವ ಇಲ್ಲವೇ ಸಾಯುವವರೆಗೆ ಆ ಹೊಣೆ ಇರುತ್ತದೆ. ವಿಚ್ಛೇದನದಿಂದ ಅದು ಕಳೆಯುವುದಿಲ್ಲ. ಆಕೆ ನ್ಯಾಯಾಲಯಕ್ಕೆ ಹೋಗಿ ಪೋಷಣೆ ಕೇಳಬಹುದು. ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಇದು ದೊಡ್ಡ ರಕ್ಷಣೆ; ಆ ಮುಚ್ಚಳಿಕೆಯ ಒಂದು ಪ್ರತಿಯನ್ನು ಮಗಳ ಬಳಿ ಇರಿಸಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ತೆರಿಗೆಯ ವಿಷಯ. ಅಮೆರಿಕದ ಪ್ರಜೆ ಜಗತ್ತಿನಲ್ಲಿ ಎಲ್ಲೇ ಇದ್ದರೂ, ಆದಾಯ ನಿಗದಿತ ಮಿತಿ ದಾಟಿದರೆ ಅಲ್ಲಿಗೂ ತೆರಿಗೆ ವಿವರ ಸಲ್ಲಿಸಬೇಕು. ಹೊರದೇಶದ ಖಾತೆಗಳಲ್ಲಿ ವರ್ಷದ ಯಾವುದೇ ದಿನ ಒಟ್ಟು 10,000 ಡಾಲರ್ ಮೀರಿದ್ದರೆ ಅದನ್ನು ಬೇರೆಯಾಗಿ ತಿಳಿಸಬೇಕು. ಊರಿನಲ್ಲಿ ಬೆಳೆದವರಿಗೆ ಇದು ಗೊತ್ತೇ ಇರುವುದಿಲ್ಲ. ಮುಚ್ಚಳಿಕೆಯೊಂದಿಗೆ ಕೊನೆಯ ವರ್ಷದ ವಿವರ ಕೇಳಿದಾಗ ಎಚ್ಚರವಾಗುತ್ತದೆ. ಉದ್ದೇಶಪೂರ್ವಕವಾಗಿ ಮುಚ್ಚಿಡದವರಿಗೆ, ಹಿಂದಿನ ಮೂರು ವರ್ಷಗಳ ವಿವರ ಮತ್ತು ಆರು ವರ್ಷಗಳ ಖಾತೆ ಮಾಹಿತಿ ಕೊಟ್ಟು ಸರಿಪಡಿಸಿಕೊಳ್ಳುವ ಸರಳ ವಿಧಾನ ಇದೆ. ಇದನ್ನು ಐ-130 ಹಾಕುವ ಮೊದಲೇ ಮಾಡಿ ಮುಗಿಸುವುದು ಒಳ್ಳೆಯದು. ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರೇ ಬೇಕು.

ಪತ್ನಿಯ ದಾಖಲೆಗಳಲ್ಲಿ ತೊಡಕು ತರುವುದು ಹೆಸರು. ಜನನ ಪತ್ರದಲ್ಲಿ ಹೆಸರಿನ ಜೊತೆ ತಂದೆಯ ಹೆಸರಿನ ಮೊದಲಕ್ಷರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಜೈನ್’, ಪಾಸ್‌ಪೋರ್ಟಿನಲ್ಲಿ ಬಲ್ಲಾಳ್ ಅಥವಾ ಹೆಗ್ಡೆ, ಇಲ್ಲವೇ ಉಪನಾಮದ ಜಾಗವೇ ಖಾಲಿ: ನಮ್ಮಲ್ಲಿ ಇದು ಮಾಮೂಲು. ಎಲ್ಲವನ್ನೂ ಬದಲಿಸಲು ಓಡಾಡಬೇಕಾಗಿಲ್ಲ. ನಮೂನೆಗಳಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆದು, ಬೇರೆ ರೂಪಗಳನ್ನು ‘ಬಳಸಿದ ಇತರ ಹೆಸರುಗಳು’ ಎಂಬಲ್ಲಿ ಕಾಣಿಸಬೇಕು. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಳ್ಳುವುದೂ ವೀಸಾಕ್ಕೆ ಅಗತ್ಯವಲ್ಲ. ನಡುವೆ ಹೆಸರು ಬದಲಿಸಿದರೆ ಗೊಂದಲವೇ ಹೆಚ್ಚು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಪ್ರಮಾಣಪತ್ರವೂ, ದುಬೈಯಂಥ ಕಡೆ ವರ್ಷಕ್ಕಿಂತ ಹೆಚ್ಚು ಇದ್ದಿದ್ದರೆ ಅಲ್ಲಿಯದೂ ಬೇಕು.

ಸಂದರ್ಶನಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಮುಂಬಯಿಗೆ ಹೋಗಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತೆಂದು ಅಲ್ಲೇ ಆಗುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಮುಂಚೆ ನಿಗದಿತ ವೈದ್ಯರಲ್ಲಿ ತಪಾಸಣೆ, ಲಸಿಕೆಗಳು. ಕಾಯುವ ಅವಧಿಯಲ್ಲಿ ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡೋಣ ಎಂಬ ಸಲಹೆ ಕೊಡುವವರೂ ಇದ್ದಾರೆ. ಉದ್ದೇಶ ಮರೆಮಾಚಿ ಪ್ರವೇಶಿಸಿದ್ದು ಸುಳ್ಳು ಹೇಳಿದ್ದಕ್ಕೆ ಸಮನೆಂದು ಕಂಡರೆ ಶಾಶ್ವತ ನಿರ್ಬಂಧವೂ ಬೀಳಬಹುದು.

ಮಗು ಇದ್ದರೆ ಅದರ ಲೆಕ್ಕ ಬೇರೆ. ಪತ್ನಿಯ ಅರ್ಜಿಯಲ್ಲಿ ಮಗು ಸೇರುವುದಿಲ್ಲ. ತಂದೆ ಅಮೆರಿಕದಲ್ಲಿ ಒಟ್ಟು ಐದು ವರ್ಷ, ಅದರಲ್ಲಿ ಎರಡು ವರ್ಷ 14ನೇ ವಯಸ್ಸಿನ ನಂತರ ಇದ್ದಿದ್ದರೆ ಇಲ್ಲಿ ಹುಟ್ಟಿದ ಮಗುವೂ ಹುಟ್ಟಿನಿಂದಲೇ ಪ್ರಜೆ. ನಾಲ್ಕನೆಯ ವಯಸ್ಸಿಗೇ ಊರಿಗೆ ಬಂದು ಇಲ್ಲೇ ಬೆಳೆದ ತಂದೆಗೆ ಈ ಲೆಕ್ಕ ಕೂಡುವುದಿಲ್ಲ. ಆಗ ಮಗುವಿಗೂ ಪ್ರತ್ಯೇಕ ಐ-130 ಬೇಕು; 18 ವರ್ಷದೊಳಗೆ ವಲಸೆ ವೀಸಾದಲ್ಲಿ ಹೋಗಿ ಆ ತಂದೆಯೊಂದಿಗೆ ವಾಸಕ್ಕೆ ನಿಂತರೆ ಪೌರತ್ವ ತಾನಾಗಿ ಬರುತ್ತದೆ.

ಅರ್ಜಿಯನ್ನು ಯಾವಾಗ ಹಾಕಬೇಕು ಎಂದು ಕೇಳುವವರಿಗೆ: ನಿಜವಾಗಿ ಹೋಗಿ ನೆಲೆಸುವ ದಿನದಿಂದ ಸುಮಾರು ಒಂದೂವರೆ ವರ್ಷ ಹಿಂದಕ್ಕೆ ಎಣಿಸಿ. ವೀಸಾ ಕೈಗೆ ಬಂದರೆ ಹೆಚ್ಚೆಂದರೆ ಆರು ತಿಂಗಳೊಳಗೆ ಪ್ರವೇಶಿಸಬೇಕು. ವೀಸಾ ಕೇಂದ್ರದ ಪತ್ರಗಳಿಗೆ ಒಂದು ವರ್ಷ ಉತ್ತರಿಸದೆ ಬಿಟ್ಟರೆ ಅರ್ಜಿಯೇ ರದ್ದಾಗಬಹುದು. ಹೋಗಿ ಇಳಿದು ಕಾರ್ಡ್ ಪಡೆದು ಮತ್ತೆ ಬೆಂಗಳೂರಿಗೇ ಬಂದು ಕುಳಿತರೆ ಕಾರ್ಡ್ ಉಳಿಯದು. ಇಳಿಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಆ ತಾರೀಖನ್ನು ಇಳಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.