ಸಭಾಂಗಣದ ಧ್ವನಿವರ್ಧಕದಲ್ಲಿ ಬೇಡದ ಸದ್ದು: ಕಾರಣಶೋಧ ಮತ್ತು ಪರಿಹಾರ

ಶಾಲೆಯ ಪ್ರಾರ್ಥನೆಯಿರಲಿ, ಶ್ರಾವಣಮಾಸದ ಪ್ರವಚನವಿರಲಿ, ವಾರ್ಷಿಕ ಸ್ನೇಹಸಮ್ಮೇಳನವಿರಲಿ, ಆಡಿದ ಮಾತು ಕೊನೆಯ ಸಾಲಿನವರೆಗೆ ಮುಟ್ಟಬೇಕಾದರೆ ಧ್ವನಿವರ್ಧಕವು ಅನಿವಾರ್ಯವಾಗಿದೆ. ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಜನರು ಈ ಸಮಸ್ತ ಸಲಕರಣೆಯನ್ನು ‘ಮೈಕ್ ಸೆಟ್’ ಎಂಬ ಒಂದೇ ಹೆಸರಿನಿಂದ ಕರೆಯುವರು. ಇಬ್ಬರು ಹೊತ್ತು ತರಬೇಕಾಗಿದ್ದ ಹಳೆಯ ಪೆಟ್ಟಿಗೆಯ ಸ್ಥಾನದಲ್ಲಿ ಈಚೆಗೆ ಒಂದೇ ಕೈಯಲ್ಲಿ ಎತ್ತಬಹುದಾದ ‘ಡಿಜಿಟಲ್’ ವರ್ಧಕಗಳು ಬಂದಿವೆ. ದಾನಿಗಳು ಶ್ರದ್ಧೆಯಿಂದ ಕೊಡಿಸಿದ ಅಂಥ ಯಂತ್ರವು ‘ಗುಂಯ್’ ಎನ್ನತೊಡಗಿದರೆ ಬಹುಮಟ್ಟಿಗೆ ನಡೆಯುವುದು ಎರಡರಲ್ಲೊಂದು: ಕೆಟ್ಟಿತೆಂದು ಅದನ್ನು ಮೂಲೆಗಿಡುವುದು, ಇಲ್ಲವೆ ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತುಹಾಕಿ ಸದ್ದಡಗಿಸುವುದು. ಮೊದಲನೆಯದರಿಂದ ಹಣಕ್ಕೆ ನಷ್ಟ. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ. ಸದ್ದಿನ ಮೂಲವನ್ನು ಕ್ರಮವಾಗಿ ಹುಡುಕಿದರೆ ಎರಡೂ ಬೇಕಾಗುವುದಿಲ್ಲ.

‘ಡಿಜಿಟಲ್’ ಎಂಬ ಹೆಸರು ಈ ಯಂತ್ರಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಎ, ಬಿ, ಸಿ ವರ್ಗಗಳ ಬಳಿಕ ಬಂದುದರಿಂದ ಇದು ‘ಡಿ’ ವರ್ಗದ ವರ್ಧಕವೆನಿಸಿತೇ ಹೊರತು ಆ ಅಕ್ಷರಕ್ಕೆ ಬೇರೆ ಅರ್ಥವಿಲ್ಲ. ಹಳೆಯ ವರ್ಧಕದಲ್ಲಿ ಟ್ರಾನ್ಸಿಸ್ಟರು ಅರ್ಧ ತಿರುಗಿಸಿದ ನಲ್ಲಿಯಂತೆ ಕೆಲಸಮಾಡುತ್ತದೆ. ಆ ತಡೆಯಲ್ಲಿ ಬಹಳಷ್ಟು ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಬಿ ವರ್ಗದ ದಕ್ಷತೆ ಸಿದ್ಧಾಂತದಲ್ಲಿಯೂ ಶೇಕಡಾ 78.5ನ್ನು ಮೀರಲಾರದು. ಡಿ ವರ್ಗದಲ್ಲಾದರೋ ಟ್ರಾನ್ಸಿಸ್ಟರು ಪೂರ್ಣ ತೆರೆದಿರುತ್ತದೆ, ಇಲ್ಲವೆ ಪೂರ್ಣ ಮುಚ್ಚಿರುತ್ತದೆ. ಹೀಗೆ ಸೆಕೆಂಡಿಗೆ ಹಲವು ಲಕ್ಷ ಸಲ ತೆರೆದು ಮುಚ್ಚುತ್ತ, ಧ್ವನಿಯ ಏರಿಳಿತಕ್ಕೆ ತಕ್ಕಂತೆ ತೆರೆದಿರುವ ಅವಧಿಯನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತದೆ. ಆದುದರಿಂದ ಇದರ ದಕ್ಷತೆ ಶೇಕಡಾ 90ರ ಆಸುಪಾಸಿನಲ್ಲಿರುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಎರಡು ಬಣ್ಣದ ಎಳೆಗಳನ್ನು ಬೆರೆಸಿ ನೆಯ್ದ ಬಟ್ಟೆಯನ್ನು ದೂರದಿಂದ ನೋಡಿದರೆ ಮೂರನೆಯದೊಂದು ಬಣ್ಣ ಕಾಣುವುದಷ್ಟೆ. ಎಳೆಗಳ ಪ್ರಮಾಣ ಬದಲಾದಂತೆ ಛಾಯೆಯೂ ಬದಲಾಗುವುದು. ಇಲ್ಲಿ ‘ದೂರದಿಂದ ನೋಡುವ’ ಕೆಲಸವನ್ನು ಮಾಡುವುದು ಹೊರದಾರಿಯಲ್ಲಿರುವ ತಂತಿಸುರುಳಿ ಮತ್ತು ಕೆಪಾಸಿಟರುಗಳ ಶೋಧಕ. 10 ಮೈಕ್ರೊಹೆನ್ರಿಯ ಸುರುಳಿ, 0.68 ಮೈಕ್ರೊಫ್ಯಾರಡ್ ಕೆಪಾಸಿಟರು ಇದ್ದರೆ ಅದರ ಎಲ್ಲೆ ಸುಮಾರು 61 ಕಿಲೋಹರ್ಟ್ಸ್. 20 ಕಿಲೋಹರ್ಟ್ಸ್‌ವರೆಗಿನ ಶ್ರವ್ಯ ಧ್ವನಿ ಸಲೀಸಾಗಿ ದಾಟುತ್ತದೆ. 400 ಕಿಲೋಹರ್ಟ್ಸ್‌ನ ತೆರೆ–ಮುಚ್ಚು ಸದ್ದು ಸುಮಾರು 43ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಈ ತತ್ತ್ವ ಹೊಸದಲ್ಲ. 1964ರಲ್ಲಿಯೇ ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯು ಎಕ್ಸ್–10 ಎಂಬ ಇಂಥ ವರ್ಧಕವನ್ನು ಮಾರಾಟಕ್ಕೆ ತಂದಿತ್ತು. ಅಂದಿನ ಟ್ರಾನ್ಸಿಸ್ಟರುಗಳಿಗೆ ಬೇಕಾದ ವೇಗವಿಲ್ಲದ್ದರಿಂದ ಅದು ನೆಲೆಯೂರಲಿಲ್ಲ.

ಸದ್ದು ಬಂದಾಗ ಮೊಟ್ಟಮೊದಲು ಉಪಯೋಗಿಸಬೇಕಾದ ಉಪಕರಣವೆಂದರೆ ಕಿವಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಆಳವಾದ, ಮಂದ್ರವಾದ ಗುಂಯ್‌ಕಾರವು 50 ಹರ್ಟ್ಸ್‌ನದಾದರೆ ಅದು ಹೊರಗಿನ ತಂತಿಗಳ ಮೂಲಕ ನುಸುಳಿ ಬಂದುದೆಂದು ಶಂಕಿಸಬೇಕು. ಅದಕ್ಕಿಂತ ಒಂದು ಸ್ಥಾಯಿ ಮೇಲಿನ 100 ಹರ್ಟ್ಸ್‌ನ ಸದ್ದಾದರೆ ವಿದ್ಯುತ್ ಪೂರೈಕೆಯ ಕಡೆಗೆ, ವಿಶೇಷವಾಗಿ ವರ್ಷಗಳ ಶಾಖಕ್ಕೆ ಒಣಗಿದ ದೊಡ್ಡ ಕೆಪಾಸಿಟರಿನ ಕಡೆಗೆ ಗಮನ ಹರಿಸಬೇಕು. ಕರಕರ ಸದ್ದು ಫ್ಯಾನು ತಿರುಗಿಸಿದಾಗ ಮಾತ್ರ ಬರುವುದಾದರೆ ಅಪರಾಧಿ ವರ್ಧಕವಲ್ಲ, ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು.

ಎರಡನೆಯ ಹೆಜ್ಜೆ ವಿಂಗಡಣೆಯದು. ವಾಲ್ಯೂಮ್ ಗುಂಡಿಯನ್ನು ಪೂರ್ಣ ಇಳಿಸಿದಾಗ ಸದ್ದೂ ಇಳಿದರೆ ಅದು ಗುಂಡಿಗಿಂತ ಹಿಂದೆ, ಅಂದರೆ ಮೈಕು, ಕೇಬಲ್ಲು ಅಥವಾ ಮಿಕ್ಸರಿನಲ್ಲಿ ಹುಟ್ಟಿದೆ. ಇಳಿಯದಿದ್ದರೆ ಗುಂಡಿಯ ಮುಂದಿನ ಭಾಗದಲ್ಲಿದೆ. ಬಳಿಕ ಒಳಬರುವ ಕೇಬಲ್ಲನ್ನು ಕಳಚಿ, ಎರಡೂ ತುದಿಗಳನ್ನು ಒಂದುಗೂಡಿಸಿದ ಪ್ಲಗ್ಗೊಂದನ್ನು ಆ ಜಾಗದಲ್ಲಿ ತೂರಿಸಬೇಕು. ಆಗಲೂ ಸದ್ದಿದ್ದರೆ ಅದು ವರ್ಧಕದ ಒಳಗಿನದೇ. 12 ವೋಲ್ಟಿನಲ್ಲಿ ನಡೆಯಬಲ್ಲ ವರ್ಧಕವಾದರೆ ಇನ್ವರ್ಟರಿನ ಬ್ಯಾಟರಿಯಿಂದ ಅದನ್ನು ನಡೆಸಿ ನೋಡುವುದು ಇನ್ನೂ ಖಚಿತವಾದ ಪರೀಕ್ಷೆ. ಬ್ಯಾಟರಿಯಲ್ಲಿ ನಿಶ್ಶಬ್ದವಾದರೆ ದೋಷವು ಪವರ್ ಸಪ್ಲೈಯದೆಂದು ತಿಳಿಯಬಹುದು. ಒಂದೊಂದು ಪರೀಕ್ಷೆಗೂ ಒಂದೇ ಒಂದು ಬದಲಾವಣೆ ಮಾಡಬೇಕೆಂಬುದನ್ನು ಮರೆಯಲಾಗದು. ಅವಸರದಲ್ಲಿ ಮೂರು ತಂತಿ ಬದಲಾಯಿಸಿ ಸದ್ದು ನಿಂತರೆ ಯಾವುದರಿಂದ ನಿಂತಿತೆಂಬುದು ತಿಳಿಯದು, ಮುಂದಿನ ಕಾರ್ಯಕ್ರಮದ ಹೊತ್ತಿಗೆ ಅದು ಮತ್ತೆ ಹಾಜರಾಗುವುದು.

ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ದೋಷವೆಂದರೆ ಭೂಸಂಪರ್ಕದ ಕುಣಿಕೆ. ಹಳೆಯ ಕಲ್ಲುಕಟ್ಟಡಕ್ಕೆ ಒಂದು ಅರ್ಥಿಂಗ್ ಗುಂಡಿ, ಹೊಸ ಸಭಾಂಗಣಕ್ಕೆ ಇನ್ನೊಂದು. ಕಂಪ್ಯೂಟರು ಒಂದರಿಂದ, ವರ್ಧಕ ಮತ್ತೊಂದರಿಂದ ವಿದ್ಯುತ್ ಪಡೆದು, ನಡುವೆ ಧ್ವನಿಯ ಕೇಬಲ್ಲು ಅವೆರಡನ್ನು ಜೋಡಿಸಿದಾಗ, ಎರಡು ಗುಂಡಿಗಳ ನಡುವಿನ ಅಲ್ಪ ವೋಲ್ಟೇಜ್ ವ್ಯತ್ಯಾಸದಿಂದ ಕೇಬಲ್ಲಿನ ಹೊರಜಾಲರಿಯಲ್ಲಿ ಕರೆಂಟು ಹರಿದು ಅದೇ ಗುಂಯ್‌ಕಾರವಾಗಿ ಕೇಳುತ್ತದೆ. ಲ್ಯಾಪ್‌ಟಾಪಾದರೆ ಚಾರ್ಜರನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿದ ಕ್ಷಣವೇ ಸದ್ದು ನಿಲ್ಲುವುದು ಇದರ ಲಕ್ಷಣ. ಮೂರನೆಯ ಪಿನ್ನನ್ನು ಕಿತ್ತರೆ ಕುಣಿಕೆ ಬಿಚ್ಚಿ ಸದ್ದು ಅಡಗುವುದು ನಿಜ. ಆದರೆ ಮುಂದೊಮ್ಮೆ ಒಳಗಿನ ತಂತಿಯೊಂದು ಸಡಿಲಗೊಂಡು ಪೆಟ್ಟಿಗೆಗೆ ತಗುಲಿದರೆ 230 ವೋಲ್ಟು ಕೇಬಲ್ಲಿನ ಜಾಲರಿಯ ಮೂಲಕ ಲೋಹದ ಮೈಕಿನವರೆಗೆ ಬರಬಲ್ಲದು. ಆ ಮೈಕನ್ನು ಹಿಡಿದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುವುದು ಒಂದು ಮಗು. ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡುವುದು, ಅದು ಸಾಧ್ಯವಿಲ್ಲದಿದ್ದರೆ ಧ್ವನಿಯ ದಾರಿಯಲ್ಲಿ ಚಿಕ್ಕದೊಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಇಡುವುದು, ದೂರದ ಮೈಕುಗಳಿಗೆ ಎರಡು ತಂತಿ ಮತ್ತು ಜಾಲರಿಯುಳ್ಳ ಬ್ಯಾಲೆನ್ಸ್ಡ್ ಕೇಬಲ್ಲನ್ನು ಬಳಸುವುದು: ಸರಿಯಾದ ಪರಿಹಾರಗಳು ಇವೇ. ಬೇಸಗೆಯಲ್ಲಿ ಎರೆಭೂಮಿ ಬಿರಿದು ತೇವವಾರಿದಾಗ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ನೀರೆರೆಯುವ ರೂಢಿ ಒಳ್ಳೆಯದೇ. ಅದು ಸುರಕ್ಷತೆಗಾಗಿ, ಅದರಿಂದ ಗುಂಯ್‌ಕಾರ ನಿಲ್ಲುವುದೆಂದು ನಂಬಿ ಕೊಡಗಟ್ಟಲೆ ಸುರಿಯಬೇಕಾಗಿಲ್ಲ.

ಸಿಳ್ಳಿನಂಥ ಸದ್ದು ಡಿ ವರ್ಗದ ವಿಶೇಷ ವ್ಯಾಧಿ. ಒಂದೇ ಪೆಟ್ಟಿಗೆಯಲ್ಲಿ ಎರಡು ವರ್ಧಕ ಚಿಪ್ಪುಗಳಿದ್ದು, ಒಂದು 400 ಕಿಲೋಹರ್ಟ್ಸ್, ಇನ್ನೊಂದು 403 ಕಿಲೋಹರ್ಟ್ಸ್ ವೇಗದಲ್ಲಿ ನಡೆದರೆ ಎರಡೂ ಕಿವಿಗೆ ಕೇಳವು; ಅವುಗಳ ಅಂತರವಾದ 3 ಕಿಲೋಹರ್ಟ್ಸ್ ಮಾತ್ರ ಸಿಳ್ಳಾಗಿ ಕೇಳುತ್ತದೆ. ಒಂದರ ತಾಳಕ್ಕೆ ಇನ್ನೊಂದನ್ನು ಕಟ್ಟುವುದೇ ಇದಕ್ಕೆ ಮದ್ದು. ಟಿಪಿಎ 3116ರಂಥ ಚಿಪ್ಪುಗಳಲ್ಲಿ ಈ ಏರ್ಪಾಡು ಇದೆ. ಒಂದೇ ಚಿಪ್ಪಿದ್ದೂ ಸದ್ದು ಬಂದರೆ ಶೋಧಕದ ಸುರುಳಿಗೆ ಒತ್ತಿಕೊಂಡು ಒಳಬರುವ ತಂತಿ ಹಾದುಹೋಗಿದೆಯೇ, ಚಿಪ್ಪಿನ ಪವರ್ ಪಿನ್ನಿನ ಪಕ್ಕದಲ್ಲೇ ಇರಬೇಕಾದ 0.1 ಮೈಕ್ರೊಫ್ಯಾರಡ್ ಕೆಪಾಸಿಟರು ದೂರ ಸರಿದಿದೆಯೇ ಎಂಬುದನ್ನು ನೋಡಬೇಕು.

ಬರಿಯ ‘ಸ್ಸ್’ ಎಂಬ ಸದ್ದಿಗೆ ಬಹುಸಲ ದೋಷವೇ ಇರುವುದಿಲ್ಲ. ವರ್ಧನೆ ಅತಿಯಾಗಿದೆ, ಅಷ್ಟೆ. 36 ಡೆಸಿಬೆಲ್ ಎಂದರೆ ಸುಮಾರು 63 ಪಟ್ಟು, 20 ಡೆಸಿಬೆಲ್ ಎಂದರೆ 10 ಪಟ್ಟು. ಮಿಕ್ಸರಿನಿಂದ ಬರುವ ಧ್ವನಿಯನ್ನೇ ಬಲಪಡಿಸಿ ವರ್ಧಕದ ವರ್ಧನೆಯನ್ನು ತಗ್ಗಿಸಿದರೆ ಸಾಕು.

ದುರಸ್ತಿಗೆ ಕೈಹಾಕುವವರು ಹಳೆಯ ಅಭ್ಯಾಸವೊಂದನ್ನು ಬಿಡಬೇಕು. ಹಿಂದಿನ ಅನೇಕ ವರ್ಧಕಗಳಲ್ಲಿ ಸ್ಪೀಕರಿನ ಒಂದು ತುದಿ ಪೆಟ್ಟಿಗೆಗೆ ಜೋಡಿಸಿರುತ್ತಿತ್ತು. ಡಿ ವರ್ಗದ ಬಹುತೇಕ ವರ್ಧಕಗಳಲ್ಲಿ ಎರಡೂ ತುದಿಗಳು ಜೀವಂತ. ಅವುಗಳಲ್ಲೊಂದನ್ನು ಪೆಟ್ಟಿಗೆಗೆ ಅಥವಾ ಆಸಿಲೋಸ್ಕೋಪಿನ ಭೂತಂತಿಗೆ ತಾಗಿಸಿದರೆ ಚಿಪ್ಪು ಆ ಕ್ಷಣವೇ ಸುಡಬಹುದು.

ಇದಲ್ಲದೆ ತಾನು ಮೌನವಾಗಿದ್ದು ನೆರೆಯವರನ್ನು ಕಾಡುವ ವರ್ಧಕಗಳೂ ಉಂಟು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಈ ಭಾಗದ ಜನ ದಶಕಗಳ ಕಾಲ ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಆಲಿಸಿದರು. 380 ಕಿಲೋಹರ್ಟ್ಸ್‌ನಲ್ಲಿ ನಡೆಯುವ ವರ್ಧಕದ ಇಮ್ಮಡಿ 760. ಅಂಥ ರೇಡಿಯೊದಲ್ಲಿ ಅದು 5 ಕಿಲೋಹರ್ಟ್ಸ್‌ನ ಸಿಳ್ಳಾಗಿ ಕೇಳುವುದು. ಸ್ಪೀಕರಿನ ತಂತಿಗಳನ್ನು ಚಿಕ್ಕದಾಗಿಸಿ ಒಂದಕ್ಕೊಂದು ಹೊಸೆದು, ಪೆಟ್ಟಿಗೆಯಿಂದ ಹೊರಬೀಳುವಲ್ಲಿ ಫೆರೈಟ್ ಉಂಗುರ ತೊಡಿಸಿದರೆ ಅದು ಬಹಳಷ್ಟು ಕಡಮೆಯಾಗುವುದು.