ಹುಣಸೆ ಮುಪ್ಪಾದರೆ ಹುಳಿಗೆ ಮುಪ್ಪೇ?

ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಬೆಟ್ಟ ಹತ್ತೋಣವೆಂದರೆ ಅಜ್ಜಿಯ ಮಂಡಿನೋವು ಅಡ್ಡ ಬರುತ್ತದೆ. ಮಲೆನಾಡಿನ ಕಾಡು ನೋಡೋಣವೆಂದರೆ ರಾತ್ರಿಯಿಡೀ ಪ್ರಯಾಣ, ಮೇಲೆ ಇಂಬಳದ ಕಾಟ. ಬೆಂಗಳೂರಿನ ಆಸುಪಾಸಿನವರಿಗೆ ಈ ಎರಡು ತಾಪತ್ರಯಗಳೂ ಇಲ್ಲದೆ, ಶತಮಾನಗಳನ್ನು ಕಂಡ ಮರಗಳ ನಡುವೆ ಸಮತಟ್ಟು ನೆಲದಲ್ಲಿ ನಿಧಾನವಾಗಿ ಅಡ್ಡಾಡಿ ಬರಲು ಜಾಗವೊಂದಿದೆ. ಅದೇ ದೇವನಹಳ್ಳಿ ಪಟ್ಟಣಕ್ಕೆ ಸಮೀಪದ ನಲ್ಲೂರು ಹುಣಸೆ ತೋಪು.

ತೋಪಿನ ವಿಸ್ತೀರ್ಣ 54 ಎಕರೆ. ಅದರಲ್ಲಿ ಹೆಚ್ಚುಕಡಿಮೆ 300 ಹುಣಸೆ ಮರಗಳಿವೆ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2002ರ ಜೀವವೈವಿಧ್ಯ ಕಾಯ್ದೆಯಡಿ ಈ ಗೌರವ ಪಡೆದ ದೇಶದ ಮೊಟ್ಟಮೊದಲ ತಾಣ ಇದು. ಚಿಕ್ಕಮಗಳೂರಿನ ಹೊಗರೇಕಾನು, ಶಿವಮೊಗ್ಗದ ಅಂಬಾರಗುಡ್ಡ, ಬೆಂಗಳೂರಿನ ಜಿಕೆವಿಕೆ ಆವರಣಗಳಿಗೆ ಆ ಮನ್ನಣೆ ದೊರೆತದ್ದು ಕೆಲವು ವರ್ಷಗಳ ನಂತರ. ದಟ್ಟಡವಿಗಳನ್ನೆಲ್ಲ ಬಿಟ್ಟು ಬಯಲುಸೀಮೆಯ ಹುಣಸೆ ತೋಪಿಗೆ ಮೊದಲ ಮಣೆ ಸಿಕ್ಕಿದ್ದೇಕೆ ಎಂಬುದಕ್ಕೆ ಉತ್ತರ, ಅದರೊಳಗೆ ಒಂದು ಗಂಟೆ ನಡೆದರೆ ತಾನಾಗಿಯೇ ಸಿಗುತ್ತದೆ.

ಎಣಿಸಲಾಗದ ವಯಸ್ಸು

ತೋಪನ್ನು ನೆಟ್ಟವರು ಚೋಳರು ಎಂಬುದು ಸ್ಥಳೀಯರ ನಂಬಿಕೆ. ತೋಪಿನ ನಡುವೆ ಇರುವ ಶಿಥಿಲ ದೇಗುಲ ಆ ನಂಬಿಕೆಗೆ ಇಂಬು ಕೊಟ್ಟಿದೆ. ಮರಗಳಲ್ಲಿ ಹಳೆಯವು ಸುಮಾರು 400 ವರ್ಷದವು ಎಂಬ ಅಂದಾಜಿದೆ. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳಬಹುದೆಂದು ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಆದರೆ ಒಳಗೆಲ್ಲ ಟೊಳ್ಳಾದ ಮರದಲ್ಲಿ ಎಣಿಸಲು ಉಂಗುರವೆಲ್ಲಿದೆ? ಹಾಗಾಗಿ ಇಲ್ಲಿ ವಯಸ್ಸು ಹೇಳುವುದು ಅಷ್ಟು ಸುಲಭದ ಮಾತಲ್ಲ.

ಅಂದಾಜು ನಿಜವೆಂದೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಬಹುದು. ಪಕ್ಕದ ದೇವನಹಳ್ಳಿಯಲ್ಲಿ 1750ರ ಸುಮಾರಿಗೆ ಟಿಪ್ಪು ಸುಲ್ತಾನ್ ಹುಟ್ಟಿದಾಗ ಈ ಮರಗಳಿಗೆ ನೂರು ದಾಟಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ದೇವನಹಳ್ಳಿ ಕೋಟೆಯನ್ನು ಹಿಡಿದಾಗಲೂ ಇವು ವರ್ಷ ವರ್ಷ ಕಾಯಿ ಬಿಡುತ್ತಿದ್ದವು. ಚರಿತ್ರೆಯ ಪುಸ್ತಕದಲ್ಲಿ ಇಸವಿಗಳಾಗಿ ಮಾತ್ರ ಉಳಿದ ಕಾಲಕ್ಕೆ ಇಲ್ಲಿ ತೊಗಟೆ ಇದೆ, ಮುಟ್ಟಿ ನೋಡಬಹುದು.

ಹುಣಸೆಯ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಇದರ ತವರು ಆಫ್ರಿಕ. ಅರಬ್ಬರು ಇದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಲಿನ್ನೇಯಸ್ 1753ರಲ್ಲಿ ‘ಟ್ಯಾಮರಿಂಡಸ್ ಇಂಡಿಕ’ ಎಂಬ ಶಾಸ್ತ್ರೀಯ ಹೆಸರಿಟ್ಟ. ಹೊರಗಿನಿಂದ ಬಂದ ಮರ ನಮ್ಮ ಸಾರು, ಗೊಜ್ಜುಗಳಲ್ಲಿ ಬೆರೆತು, ಕೊನೆಗೆ ಹೆಸರಿನಲ್ಲೂ ಭಾರತೀಯವೇ ಆಗಿಹೋಯಿತು!

ಪೊಟರೆಯೊಳಗಿನ ಸಂಸಾರ

ಮುದಿ ಹುಣಸೆಗಳ ಬೊಡ್ಡೆ ಗಂಟುಗಂಟಾಗಿ, ತಿರುಚಿಕೊಂಡು, ಅಲ್ಲಲ್ಲಿ ಬಾಯಿ ಬಿಟ್ಟಿರುತ್ತದೆ. ನೋಡಿದವರು ‘ಅಯ್ಯೋ, ಸತ್ತೇಹೋಗಿದೆ’ ಎನ್ನುವುದುಂಟು. ಆದರೆ ಮರದ ನಡುವಿನ ತಿರುಳುಗಟ್ಟಿ ಜೀವವಿಲ್ಲದ ಭಾಗ. ಅದರ ಕೆಲಸ ಆಧಾರ ಕೊಡುವುದಷ್ಟೆ. ನೀರು, ಆಹಾರ ಸಾಗುವುದು ತೊಗಟೆಯ ಒಳಗಿನ ತೆಳು ಪದರಗಳಲ್ಲಿ. ಆದ್ದರಿಂದಲೇ ಒಳಗೆ ಪೂರ್ತಿ ಟೊಳ್ಳಾದ ಮರವೂ ತಲೆತುಂಬ ಹಸಿರು ಹೊತ್ತು ನಿಂತಿರುತ್ತದೆ. ಹುಣಸೆ ಬುಡದಿಂದಲೂ ಚಿಗುರಬಲ್ಲದು.

ಟೊಳ್ಳು ವ್ಯರ್ಥವಾಗುವುದಿಲ್ಲ. ಗಿಳಿ, ಮೈನಾ, ಹಾಲಕ್ಕಿಗಳು ತಾವಾಗಿ ಮರ ಕೊರೆಯಲಾರವು. ಮರಕುಟಿಗ ಬಿಟ್ಟುಹೋದ ತೂತು ಅಥವಾ ಮುಪ್ಪಿನಿಂದಾದ ಪೊಟರೆಯೇ ಅವಕ್ಕೆ ಮನೆ. ಎಳೆಯ ಮರಗಳಲ್ಲಿ ಇಂಥ ಪೊಟರೆ ಸಿಗುವುದು ಅಪರೂಪ. ನೂರು ಸಸಿ ನೆಟ್ಟು ಒಂದು ಹಳೆಯ ಮರ ಕಡಿದರೆ ಲೆಕ್ಕ ಸರಿಹೋಯಿತೆಂದು ಭಾವಿಸುವವರು ಈ ಬಾಡಿಗೆದಾರರನ್ನು ಮರೆಯುತ್ತಾರೆ. ನೆಲಕ್ಕೆ ಬಿದ್ದ ಒಣಕೊಂಬೆಯೂ ಗೆದ್ದಲು, ದುಂಬಿ, ಅಣಬೆಗಳಿಗೆ ಊಟವಾಗಿ ಮತ್ತೆ ಮಣ್ಣಾಗುತ್ತದೆ.

ಹುಣಸೆ ಮರದಲ್ಲಿ ದೆವ್ವವಿದೆ ಎಂಬ ಕಥೆ ಕೇಳದ ಮಕ್ಕಳಿಲ್ಲ. ಸಂಜೆಯಾಗುತ್ತಲೇ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಪೊಟರೆಯಿಂದ ಹಾಲಕ್ಕಿ ಕಿರುಚುತ್ತದೆ. ದೆವ್ವ ಹುಟ್ಟಲು ಇನ್ನೇನು ಬೇಕು! ಎಲೆಯ ಬುಡದಲ್ಲಿರುವ ಪುಟ್ಟ ಉಬ್ಬಿನೊಳಗೆ ನೀರಿನ ಒತ್ತಡ ಬದಲಾಗುವುದರಿಂದ ಈ ಮಡಚಾಟ ನಡೆಯುತ್ತದೆ ಎಂದು ತಿಳಿದರೆ ಹೆದರಿಕೆ ಹೋಗುತ್ತದೆ, ಸೋಜಿಗ ಉಳಿಯುತ್ತದೆ.

ಹುಣಸೆಯ ಬಲಕ್ಕೆ ಹೈದರಾಬಾದಿನಲ್ಲೊಂದು ಸಾಕ್ಷಿಯಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನೇ ಕೊಚ್ಚಿಹಾಕಿದಾಗ, ಸುಮಾರು 150 ಮಂದಿ ಅಫ್ಜಲ್‌ಗಂಜಿನ ಒಂದು ಹುಣಸೆ ಮರವನ್ನೇರಿ ಜೀವ ಉಳಿಸಿಕೊಂಡರು.

ದಾರವೊಂದಿದ್ದರೆ ಸಾಕು

ತೋಪಿಗೆ ಹೋಗುವಾಗ ಒಂದು ಉದ್ದನೆಯ ದಾರ, ಅಳತೆಪಟ್ಟಿ, ನೋಟ್‌ಬುಕ್ಕು ಜೊತೆಗಿರಲಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬೊಡ್ಡೆಗೆ ದಾರ ಸುತ್ತಿ ಸುತ್ತಳತೆ ತೆಗೆಯಬೇಕು. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಸುತ್ತಳತೆ ಆರು ಮೀಟರ್ ಇದ್ದರೆ ವ್ಯಾಸ ಎರಡು ಮೀಟರಿಗೆ ತುಸು ಕಡಿಮೆ. 54 ಎಕರೆ ಚಚ್ಚೌಕವಾಗಿದ್ದರೆ ಒಂದು ಸುತ್ತು ಬರಲು ಎಷ್ಟು ದೂರ ನಡೆಯಬೇಕೆಂದೂ ಮಕ್ಕಳೇ ಲೆಕ್ಕ ಹಾಕಲಿ. ಉತ್ತರ ಎರಡು ಕಿಲೋಮೀಟರಿನ ಒಳಗೇ ಇರುತ್ತದೆ. ಅಜ್ಜಿಯೂ ಕೂತು ಎದ್ದು ನಡೆಯಬಹುದಾದಷ್ಟು.

ಜನವರಿಯಿಂದ ಮಾರ್ಚ್‌ವರೆಗೆ ಹಣ್ಣಿನ ಕಾಲ. ಬೇಸಿಗೆ ಮುಗಿಯುವ ಹೊತ್ತಿಗೆ ಕೆಂಪು ಗೆರೆಯ ಹಳದಿ ಹೂಗಳನ್ನು ನೋಡಬಹುದು. ಬೆಳಗಿನ ಹೊತ್ತು ಹೋದರೆ ಹಕ್ಕಿಗಳ ಓಡಾಟ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನಿಂದ ದೇವನಹಳ್ಳಿಗೆ ಬಸ್ಸುಗಳಿಗೆ ಬರವಿಲ್ಲ. ಅಲ್ಲಿಂದ ಮುಂದೆ ನಲ್ಲೂರಿನ ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕುಡಿಯುವ ನೀರು, ಬುತ್ತಿ ಮನೆಯಿಂದಲೇ ಒಯ್ಯುವುದು ಲೇಸು.

ಕಾಲಡಿಯ ಮೊಳಕೆ

ಹಳೆಯ ಮರ ನೋಡಲು ಬಂದವರ ಕಣ್ಣು ಮೇಲಕ್ಕೇ ಇರುತ್ತದೆ. ತೋಪಿನ ಮುಂದಿನ ನಾಲ್ಕು ನೂರು ವರ್ಷ ಇರುವುದು ಕಾಲ ಕೆಳಗೆ. ಉದುರಿದ ಬೀಜ ಮೊಳೆತು, ದನಕರುಗಳ ಬಾಯಿಗೂ ಜನರ ಪಾದಕ್ಕೂ ಸಿಗದೆ ಉಳಿದರೆ ಮಾತ್ರ ಹೊಸ ಮರ. ಬೀಜದಿಂದೆದ್ದ ಹುಣಸೆ ಮೊದಲ ಕಾಯಿ ಬಿಡಲು ಏಳೆಂಟು ವರ್ಷವಾದರೂ ಬೇಕು, ಪೊಟರೆ ಕಟ್ಟಲು ಎಷ್ಟೋ ತಲೆಮಾರು. ಮರದ ನೆರಳಿಗೆಂದು ವಾಹನ ನುಗ್ಗಿಸಿದರೆ ಮಣ್ಣು ಗಟ್ಟಿಯಾಗಿ ಮಳೆನೀರು ಬೇರಿಗೆ ಇಳಿಯದು. ಬುಡದಲ್ಲಿ ಹಾಕಿದ ಒಲೆಯ ಒಂದು ಕಿಡಿ ಟೊಳ್ಳಿನೊಳಗೆ ಸೇರಿದರೆ ಮರ ಒಳಗಿನಿಂದಲೇ ಬೆಂದುಹೋಗುತ್ತದೆ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ನೆಲಕ್ಕೆ ಚಿನ್ನದ ಬೆಲೆ ಬಂದಿದೆ. ಕಾಯ್ದೆ ತೋಪಿನ ಗಡಿಯನ್ನು ಕಾಯಬಹುದು, ಪ್ರತಿ ಮೊಳಕೆಯ ಪಕ್ಕ ಕಾವಲುಗಾರನನ್ನು ನಿಲ್ಲಿಸಲಾರದು. ಆ ಕೆಲಸ ಊರಿನವರದು, ಬಂದು ಹೋಗುವವರದು. ಅದಕ್ಕೇ ತವೆದ ಕಾಲುದಾರಿಯಲ್ಲೇ ನಡೆಯಬೇಕು. ಊರವರನ್ನು ಕೇಳದೆ ಹಣ್ಣು ಉದುರಿಸಬಾರದು. ಕೊಂಬೆಗೆ ಜೋತುಬೀಳುವುದು, ತೊಗಟೆಯ ಮೇಲೆ ಹೆಸರು ಕೆತ್ತುವುದು ಸಲ್ಲದು. ಅಳಗುಳಿಮನೆ ಆಡಲು ಹುಣಸೆ ಬೀಜ ಬೇಕೆನ್ನುವ ಮಗುವಿಗೆ, ಅದು ಅಡುಗೆಮನೆಯ ಡಬ್ಬಿಯಲ್ಲೇ ಸಿಗುತ್ತದೆಂದು ಹೇಳಿ, ಇಲ್ಲಿ ಬಿದ್ದ ಬೀಜವನ್ನು ಇಲ್ಲೇ ಬಿಡಲು ಕಲಿಸಿದರೆ ಆ ದಿನದ ಪಾಠ ಪೂರ್ತಿಯಾದಂತೆ.